ತೂಬಿನ ತಿರುವಿನಲ್ಲಿ ನಿಲ್ಲುವ ಕಾರು

ನಮ್ಮ ಸೋದರಮಾವನಿಗೆ ದೆವ್ವದ ಭಯವೇ ಇರಲಿಲ್ಲ. ಸ್ಮಶಾನದ ಗೋಡೆಗೆ ಒರಗಿ ಬೀಡಿ ಹಚ್ಚುತ್ತಿದ್ದರು. ಅಮಾವಾಸ್ಯೆಯ ದಿನವೂ ಹುಣಸೆಮರದ ಕೆಳಗೆ ಟವೆಲ್ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಅಂಥ ಗಟ್ಟಿಗ ಈ ಜಗತ್ತಿನಲ್ಲಿ ಹೆದರುತ್ತಿದ್ದುದು ಒಂದೇ ಒಂದು ವಸ್ತುವಿಗೆ. ಕಾರಿನ ಸ್ಪಾರ್ಕ್ ಪ್ಲಗ್ಗಿಗೆ!

ನಗಬೇಡಿ. ನಾನೂ ಮೊದಲು ನಕ್ಕವಳೇ. ಗುಬ್ಬಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ದೆವ್ವ, ಗಾಳಿ, ದೃಷ್ಟಿ ಎಲ್ಲ ಮೂಢನಂಬಿಕೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವವಳು. ಮಾವನ ಕಾರಿನಲ್ಲಿ ಮಾರ್ಕೋನಹಳ್ಳಿ ಕಡೆಗೆ ನಾಲ್ಕಾರು ಸಲ ಹೋಗಿ ಬಂದ ಮೇಲೆ ಆ ಗೆರೆ ಸ್ವಲ್ಪ ಸೊಟ್ಟಗೆ ಬೀಳತೊಡಗಿತು.

ಮಾವ ತುಮಕೂರಿನಲ್ಲಿ ಸರ್ವೆ ಇಲಾಖೆಯ ನೌಕರರು. ಬಟವಾಡಿ ಬಡಾವಣೆಯ ಅವರ ಮನೆಯ ಮುಂದೆ ತೆಂಗಿನಗರಿಯ ಚಪ್ಪರ, ಚಪ್ಪರದ ಕೆಳಗೆ ಯಾರೋ ಬಳಸಿ ಬಿಟ್ಟ ಬೆಲ್ಲದ ಬಣ್ಣದ ಹಳೇ ಪೆಟ್ರೋಲ್ ಕಾರು. ತೊಂಬತ್ತರ ದಶಕದ ಮಾತಿದು. ಊರಿಗೆಲ್ಲ ಹೊಸ ಕಾರುಗಳು ಬಂದರೂ ಮಾವ ಮಾತ್ರ ಇದನ್ನು ಬಿಡಲಿಲ್ಲ. ಪ್ಲಗ್ಗು ಕಿಡಿ ಹೊತ್ತಿಸುತ್ತದೆ, ಪಾಯಿಂಟು ಆ ಕಿಡಿಗೆ ಹೊತ್ತು ಹೇಳುತ್ತದೆ, ಕಪ್ಪು ಮುಚ್ಚಳದಂಥ ಒಂದು ಕ್ಯಾಪು ಅದನ್ನು ಪ್ಲಗ್ಗುಗಳಿಗೆ ಹಂಚುತ್ತದೆ. ಇಷ್ಟನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಇವುಗಳ ಆಯಸ್ಸು ಇಷ್ಟು ಎಂದು ಕಂಪನಿಯವರು ಹೇಳಿದ್ದರೆ ಅದರಲ್ಲಿ ಅರ್ಧ ಕಳೆಯುವ ಮೊದಲೇ ಬದಲಾಯಿಸಬೇಕು, ಊರು ಬಿಡುವ ಮುನ್ನ ಪ್ರತಿ ಸಲವೂ ಬಿಚ್ಚಿ ನೋಡಬೇಕು. ಇದು ಮಾವನ ಕಾನೂನು.

"ಮನುಷ್ಯ ಕೆಮ್ಮಿ ಕೆಮ್ಮಿ ಸಾಯ್ತಾನೆ. ನಮಗೊಂದು ನೋಟೀಸಾದ್ರೂ ಸಿಗ್ತದೆ," ಎನ್ನುತ್ತಿದ್ದರು. "ಪಾಯಿಂಟು ಹಂಗಲ್ಲ ಕಣವ್ವ. ಬೆಳಿಗ್ಗೆ ಚೆನ್ನಾಗೇ ಇರ್ತದೆ, ಕೆರೆ ಏರಿ ಮ್ಯಾಲೆ ಕೈಕೊಡ್ತದೆ."

ಒಮ್ಮೆ ಕೋರ ಗ್ರಾಮದಲ್ಲಿ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡರು. ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿ ತಲೆದೆಸೆಯಲ್ಲಿ ದೀಪ ಹಚ್ಚಿಟ್ಟಿದ್ದರು. ಕರೆಂಟು ಬೇರೆ ಹೋಗಿತ್ತು. ಹೊರಗೆ ನೆಂಟರನ್ನು ಕರೆತರಬೇಕಾದ ವ್ಯಾನು ಸ್ಟಾರ್ಟ್ ಆಗುತ್ತಿರಲಿಲ್ಲ. ಮಾವ ಸುಮ್ಮನಿರುತ್ತಾರೆಯೇ? ಪ್ಲಗ್ ಬಿಚ್ಚಿದರು. ನೋಡಲು ಬೆಳಕು ಬೇಕಲ್ಲ! ಸೀದಾ ಒಳಗೆ ಬಂದು ಹೆಣದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ದೀಪಕ್ಕೆ ಪ್ಲಗ್ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು, "ಇದು ಹೋಗಿ ಬಾಳ ದಿನ ಆಗೈತೆ," ಎಂದರು. ಅಳುತ್ತಿದ್ದ ಹೆಂಗಸರು ಗಪ್ಪೆಂದು ಅಳು ನಿಲ್ಲಿಸಿ ಹೆಣದ ಮುಖ ನೋಡತೊಡಗಿದರು. ಆ ಮನೆಯವರು ಇಂದಿಗೂ ಮಾವನನ್ನು ತಿಥಿಗೆ ಕರೆಯುವುದಿಲ್ಲ.

ಇನ್ನೊಂದು ಕಥೆ ನನ್ನ ಗಂಡನದು. ಚೇಳೂರಿನ ತೋಟ ನೋಡಿಕೊಂಡು ಬರುತ್ತೇನೆಂದು ಅವರು ಭಾನುವಾರಗಳಲ್ಲಿ ಸ್ಕೂಟರ್ ಹತ್ತಿ ಹೋಗುತ್ತಿದ್ದರು. ಒಮ್ಮೆ ಗುಬ್ಬಿಗೆ ಬಂದ ಮಾವ, ಕಾಫಿ ಆಗುವಷ್ಟರಲ್ಲಿ ಸುಮ್ಮನೆ ಕೂರಲಾರದೆ ಸ್ಕೂಟರಿನ ಪ್ಲಗ್ ಬಿಚ್ಚಿದರು. ತುದಿ ಕಾಡಿಗೆಯಂತೆ ಕಪ್ಪಗಿತ್ತು. ಅದನ್ನೇ ದಿಟ್ಟಿಸಿ ನೋಡಿ, ಕಣ್ಣು ಎತ್ತದೆ, "ಅಳಿಯಂದಿರು ಚೇಳೂರಿಗೆ ಹೋಗ್ತಿಲ್ಲವ್ವ," ಎಂದರು. "ದೂರ ಓಡಿದ ಪ್ಲಗ್ಗು ಬಿಸಿಯಾಗಿ ತಂತಾನೇ ಸುಟ್ಕೊಂಡು ಚೊಕ್ಕಾಗ್ತದೆ. ಇದು ಇಲ್ಲೇ ಎಲ್ಲೋ ಹತ್ತಿರ್ದಾಗೆ ಹೋಗಿ ನಿಂತ್ಕೊಂಡು ಬರ್ತೈತೆ." ಮಾವನಿಗೆಂದು ಕಾಫಿ ತಂದ ನನ್ನ ಗಂಡ ಅದನ್ನು ತಾವೇ ಕುಡಿದುಬಿಟ್ಟರು. ಬಸ್ ಸ್ಟ್ಯಾಂಡಿನ ಹಿಂದಿನ ಕೊಬ್ಬರಿ ಗೋದಾಮಿನಲ್ಲಿ ಇಸ್ಪೀಟು ನಡೆಯುತ್ತಿದ್ದುದು ನನಗೆ ಗೊತ್ತಾದದ್ದು ಹಾಗೆ. ಸುದ್ದಿ ಹಬ್ಬಿತು ನೋಡಿ, ಮಾವ ಬರುತ್ತಾರೆಂದರೆ ನಮ್ಮ ಬೀದಿಯ ಗಂಡಸರು ಗಾಡಿಗಳನ್ನು ಹಿತ್ತಲಿಗೆ ತಳ್ಳತೊಡಗಿದರು. ಮಾವ ಕಣಿ ಹೇಳುತ್ತಾರೆ, ಅವರ ಕಣ್ಣಿಗೆ ಏನೋ ಕಾಣುತ್ತದೆ ಎಂದು ಪಿಸುಗುಟ್ಟಿದವರೂ ಉಂಟು.

ಇಷ್ಟೆಲ್ಲ ಮರುಳು ಹುಟ್ಟಿನಿಂದ ಬಂದದ್ದಲ್ಲ. ಮೊದಲು ಅವರೂ ಎಲ್ಲರಂತೆಯೇ ಇದ್ದರು. "ಪಾಯಿಂಟ್ ನೋಡ್ಬೇಕು, ಈ ಭಾನುವಾರ ನೋಡಣ ಬುಡು" ಎನ್ನುವ ಜಾತಿ.

ಅವರಿಗೆ ಒಬ್ಬಳೇ ಮಗಳು, ವನಜ. ನನಗಿಂತ ಚಿಕ್ಕವಳು, ವರಸೆಯಲ್ಲಿ ನಾನು ಅವಳಿಗೆ ಅತ್ತಿಗೆ. ಅವಳನ್ನು ಕುಣಿಗಲ್ ತಾಲ್ಲೂಕಿಗೆ, ಮಾರ್ಕೋನಹಳ್ಳಿ ಜಲಾಶಯದ ನಾಲೆಯ ಮೇಲಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲ ಬಸುರಿನಲ್ಲಿ ದಿನ ತುಂಬುವ ಮೊದಲೇ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮಾವ ಕಾರು ತೆಗೆದುಕೊಂಡು ಹೋದರು. ಜೊತೆಗೆ ನಾನು, ಏಕೆಂದರೆ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಕಾರು ಹತ್ತಿದರೆ ಹೆಬ್ಬೂರು ದಾಟುವ ಮೊದಲೇ ವಾಂತಿ. ವನಜಳನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗಿನ ಜಾವ ಹೊರಟೆವು. ಹಳ್ಳಿ ಬಿಟ್ಟು ಸ್ವಲ್ಪ ದೂರಕ್ಕೆ ನಾಲೆಯ ತೂಬು ಇದೆ, ಅಲ್ಲಿ ರಸ್ತೆ ತಿರುಗುತ್ತದೆ. ಅಲ್ಲಿ ಕಾರು ನಿಂತುಹೋಯಿತು. ಪಾಯಿಂಟ್ ಸುಟ್ಟಿತ್ತು. ಹಾಲಿನ ವ್ಯಾನು ಬರುವವರೆಗೆ ಆ ತೂಬಿನ ನೀರಿನ ಸದ್ದು ಕೇಳುತ್ತ ಕೂತಿದ್ದೆವು. ಆಸ್ಪತ್ರೆಯಲ್ಲಿ ವನಜ ಉಳಿದಳು. ಕೂಸು ಉಳಿಯಲಿಲ್ಲ. ತೂಬಿನ ಹತ್ತಿರ ಕಾಯುತ್ತಿದ್ದಾಗಲೇ ಅದು ಒಳಗೆ ಒದ್ದಾಡುವುದನ್ನು ನಿಲ್ಲಿಸಿತು ಎಂದು ವನಜ ಹೇಳಿದಳು.

ಅದಾದ ಮೇಲೆ ಮಾವನ ಬಾಯಲ್ಲಿ ಭಾನುವಾರ ಎನ್ನುವ ಮಾತು ಬರಲಿಲ್ಲ.

ಈಗ ನಡುಕದ ಕಥೆಗೆ ಬರೋಣ. ಗೌರಿಹಬ್ಬಕ್ಕೆ ವನಜಳನ್ನು ಕರೆತರಲು ಹೋದೆವು. ಮಾವ ಪಾಯಿಂಟು, ಪ್ಲಗ್ಗು ಎರಡೂ ಹೊಸದು ಹಾಕಿದ್ದರು. ಸಂಜೆ ಹೋಗುವಾಗ ಕಾರು ಕುದುರೆಯಂತೆ ಹೋಯಿತು. ಮಾವನಿಗೆ ಆಫೀಸಿನ ಹೊತ್ತಿಗೆ ತುಮಕೂರು ಮುಟ್ಟಬೇಕಾದ್ದರಿಂದ ಮಾರನೆಯ ದಿನ ಬೆಳಗಿನ ಜಾವದಲ್ಲೇ ವನಜಳನ್ನು ಕೂರಿಸಿಕೊಂಡು ಹೊರಟೆವು. ತೂಬಿನ ತಿರುವು ಬಂತು. ಎಂಜಿನ್ ಎರಡು ಸಲ ಬಿಕ್ಕಿತು. ನಿಂತಿತು.

ನಾಲೆಯ ಮೇಲಿಂದ ಮಂಜು ಎದ್ದು ಗಾಜಿಗೆಲ್ಲ ಮೆತ್ತಿಕೊಂಡಿತ್ತು. ಕಪ್ಪೆಗಳೂ ಕೂಗುತ್ತಿರಲಿಲ್ಲ. ತೂಬಿನ ಒಳಗೆ ಮಾತ್ರ ನೀರು ಯಾರೋ ಗೊಣಗುವಂತೆ ಸದ್ದು ಮಾಡುತ್ತಿತ್ತು. ಮಾವ ಇಳಿದು ಪ್ಲಗ್ಗುಗಳನ್ನು ಒರೆಸಿ ಹಾಕಿದರು, ಪಾಯಿಂಟಿಗೆ ಉಪ್ಪುಕಾಗದ ಉಜ್ಜಿದರು. ಉಹುಂ. ಪೂರ್ವದಲ್ಲಿ ಬಿಸಿಲು ಏರಿ ಮಂಜು ಕರಗಿದ ಮೇಲೆ ಸುಮ್ಮನೆ ಒಮ್ಮೆ ಕೀ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊತ್ತಿಕೊಂಡಿತು!

ದೀಪಾವಳಿಗೆ ಪಾಯಿಂಟಿನ ಜೊತೆಗಾರ ಕಂಡೆನ್ಸರ್ ಹೊಸದು. ಅಲ್ಲೇ ನಿಂತಿತು. ಸಂಕ್ರಾಂತಿಗೆ ಕ್ಯಾಪು ಹೊಸದು, ವೈರುಗಳೂ ಹೊಸದು. ಅಲ್ಲೇ ನಿಂತಿತು. ಮಾವ ಒಬ್ಬರೇ ಹೋದರೆ ನಿಲ್ಲುತ್ತಿರಲಿಲ್ಲ. ಮಾವ ಮತ್ತು ನಾನು ಹೋದರೂ ನಿಲ್ಲುತ್ತಿರಲಿಲ್ಲ. ವನಜ ಕಾರಿನಲ್ಲಿದ್ದರೆ ಮಾತ್ರ, ಅದೇ ತಿರುವಿನಲ್ಲಿ, ಅದೇ ಎರಡು ಬಿಕ್ಕು. ಸೂರ್ಯ ಬಂದರೆ ಬಿಟ್ಟುಕೊಡುತ್ತಿತ್ತು. ಹಬ್ಬ ಮುಗಿದ ಮೇಲೆ ಅವಳ ಗಂಡ ಬಂದು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಹೇಳಿ, ವಿಜ್ಞಾನದ ಟೀಚರ್ ಏನು ಮಾಡಬೇಕು? ನಾನು ಕಣ್ಣು ಮುಚ್ಚಿ ಆವರ್ತ ಕೋಷ್ಟಕ ಹೇಳಿಕೊಳ್ಳುತ್ತಿದ್ದೆ. ಹೈಡ್ರೋಜನ್, ಹೀಲಿಯಂ, ಶಿವ ಶಿವಾ.

ಊರಿನವರು ತಮಗೆ ತೋಚಿದ್ದು ಹೇಳಿದರು. ವನಜಳ ಅತ್ತೆ ಒಂದು ದಿನ ಮಾವನ ಎದುರೇ, "ಬೀಗ್ರೇ, ಕೂಸು ತಾಯಿ ಹಿಂದೆ ಬತ್ತೈತೆ. ಅದಕ್ಕೇನಾದ್ರೂ ಶಾಂತಿ ಮಾಡ್ಸಿ," ಎಂದರು.

ಮಾವ ಬೀಡಿ ತುದಿ ನೋಡುತ್ತಾ ಹೇಳಿದರು: "ದೆವ್ವ ಆಗಿದ್ರೆ ಟೈರ್ ಪಂಚರ್ ಮಾಡ್ಲಿ, ಬ್ರೇಕ್ ಹಿಡೀಲಿ. ನನ್ನ ಕರೆಂಟಿಗೆ ಯಾಕೆ ಕೈ ಹಾಕ್ತದೆ? ಅದಕ್ಕೇನು ವೈರಿಂಗ್ ಗೊತ್ತಾ?"

ಹೀಗೆ ಬಾಯಿ ಮುಚ್ಚಿಸಿದರೂ ಮಾವ ಮನೆಗೆ ಬಂದು ಕಾರಿನ ಮುಂದೆ ಮಂಕಾಗಿ ಕೂರುತ್ತಿದ್ದರು. ಕಾರು ನಿಂತಾಗ ನಾವೆಲ್ಲ ಬೆವರಿದರೆ ವನಜ ಮಾತ್ರ ಗಾಜು ಇಳಿಸಿ ಮಂಜಿನೊಳಗೆ ನೋಡುತ್ತಾ ಕೂರುತ್ತಿದ್ದಳು. ಒಂದು ಸಲ ಅವಳ ಮುಖದ ಮೇಲೆ ಸಣ್ಣ ನಗು ಇದ್ದಂತೆ ಕಂಡಿತು. ಕೇಳುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ವನಜ ಮತ್ತೆ ಬಸುರಾದಳು. ಏಳನೇ ತಿಂಗಳಿಗೆ ತವರಿಗೆ ಕರೆದುಕೊಂಡು ಬರಬೇಕು, ಸ್ವಲ್ಪ ನೋವು ಬಂದರೂ ತಡ ಮಾಡಬಾರದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಾಡಿಗೆ ಕಾರು ಮಾಡೋಣ ಎಂದು ನಾನು ಹೇಳಿದೆ. ಮಾವ ಒಪ್ಪಲಿಲ್ಲ. "ಇನ್ನೊಬ್ಬನ ಪ್ಲಗ್ ನಂಬ್ಕೊಂಡು ನನ್ನ ಮಗಳ್ನ ಕೂರುಸ್ಲಾ?" ಎಂದರು. ಕಿಡಿಗೆ ಸಂಬಂಧಪಟ್ಟ ಸಾಮಾನು ಎಷ್ಟಿದೆಯೋ ಅಷ್ಟನ್ನೂ ಬದಲಾಯಿಸಿದರು. ಮದುವೆ ಹೆಣ್ಣಿಗೆ ಒಡವೆ ತಂದ ಹಾಗೆ ಒಂದೊಂದನ್ನೂ ಡಬ್ಬಿಯಿಂದ ತೆಗೆದು ಅತ್ತೆಗೆ ತೋರಿಸಿದರು. ಅತ್ತೆ ಎಂದಿನಂತೆ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಣ್ಣು ಒರೆಸಿಕೊಂಡು ಕಳಿಸಿದರು.

ಕಾರ್ತಿಕ ಮಾಸದ ಚಳಿ. ಸಂಜೆ ಹೋಗಿ ಉಳಿದು, ಬೆಳಗಿನ ಜಾವ ಹೊರಟೆವು. ಈ ಸಲ ವನಜಳ ಗಂಡನೂ ಮುಂದಿನ ಸೀಟಿನಲ್ಲಿದ್ದ. ಹಿಂದೆ ವನಜ, ಅವಳ ಪಕ್ಕ ನಾನು. ತೂಬು ಹತ್ತಿರವಾದ ಹಾಗೆ ಮಾವ ಸೀಟಿನ ತುದಿಗೆ ಸರಿದು ಕೂತರು. ತಿರುವಿನಲ್ಲಿ ಮಂಜು ಗೋಡೆಯಂತೆ ನಿಂತಿತ್ತು.

ಒಂದು ಬಿಕ್ಕು. ಇನ್ನೊಂದು ಬಿಕ್ಕು. ನಿಂತಿತು.

ವನಜ ನನ್ನ ಕೈ ಹಿಡಿದಳು. "ಅತ್ತಿಗೆ, ಸ್ವಲ್ಪ ನೋಯ್ತೈತೆ," ಎಂದಳು. ಮಾವ ಆ ಮಾತು ಕೇಳಿಸಿಕೊಂಡು ಒಂದು ಕ್ಷಣ ಸ್ಟೇರಿಂಗ್ ಮೇಲೆ ಹಣೆ ಇಟ್ಟರು. ಆಮೇಲೆ ಇಳಿದು ಬಾನೆಟ್ ಎತ್ತಿ, ನನ್ನನ್ನು ಟಾರ್ಚ್ ಹಿಡಿಯಲು ಕರೆದು, ಅಳಿಯನಿಗೆ ಸೆಲ್ಫ್ ಹೊಡೆಯಲು ಹೇಳಿದರು. ಎಂಜಿನ್ ನರಳಿತು. ಒಳಗೆಲ್ಲೋ ಚಟಚಟ ಸದ್ದು.

"ಟಾರ್ಚ್ ಆರಿಸವ್ವ," ಎಂದರು ಮಾವ.

ಆರಿಸಿದೆ. ಅಳಿಯ ಮತ್ತೆ ಕೀ ತಿರುಗಿಸಿದ. ಆಗ ಕಂಡಿತು ನೋಡಿ. ಬಾನೆಟ್ಟಿನ ಕತ್ತಲಿನೊಳಗೆ ಒಂದು ಹಣೆ. ಹಣೆಯ ಮೇಲೆ ಅಡ್ಡಡ್ಡ ಮೂರು ಎಳೆ ನೀಲಿ ಬೆಂಕಿ, ಹುಳುಗಳಂತೆ ಅತ್ತಿಂದಿತ್ತ ಹರಿದಾಡುತ್ತಿತ್ತು. ವಿಜ್ಞಾನ, ಬೋರ್ಡು, ಅಡಿಗೆರೆ ಎಲ್ಲ ಬಿಟ್ಟು ನಾನು ಕಿರುಚಿಕೊಂಡೆ. ಟಾರ್ಚು ಕೈಜಾರಿ ನಾಲೆಗೆ ಬಿತ್ತು.

ಮಾವ ಮಾತ್ರ ಹಾಗೇ ಬಗ್ಗಿ ನೋಡುತ್ತಿದ್ದರು. ಆಮೇಲೆ ಬೆರಳಿನಿಂದ ಆ ಹಣೆಯನ್ನು ಸವರಿ, ಮೂಸಿ, ನಾಲಿಗೆಗೆ ತಾಗಿಸಿಕೊಂಡರು. "ವಿಭೂತಿ," ಎಂದರು, ಬಹಳ ಮೆಲ್ಲಗೆ.

ಕ್ಯಾಪಿನ ಮೈಮೇಲೆ ಯಾರೋ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ ದಪ್ಪಗೆ ಬಳಿದಿದ್ದರು. ಒಣಗಿದ್ದಾಗ ಅದು ಪಾಪ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ನಾಲೆಯ ಮಂಜು ತಾಗಿ ಒದ್ದೆಯಾದ ಕೂಡಲೇ ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಆ ಪಟ್ಟೆಗಳ ಮೇಲೆ ಹರಿದು ಪೋಲಾಗುತ್ತಿತ್ತು. ಬಿಸಿಲು ಬಂದರೆ ಮತ್ತೆ ಒಣಗುತ್ತಿತ್ತು. ವನಜಳನ್ನು ಕರೆತರುವಾಗ ಮಾತ್ರ ನಾವು ಆ ಜಾವದ ಮಂಜಿನಲ್ಲಿ ಬರುತ್ತಿದ್ದೆವು, ಅಷ್ಟೇ! ಇಷ್ಟು ಸಲ ಬಗ್ಗಿ ನೋಡಿದ ಮಾವನಿಗೆ ಅದು ಯಾಕೆ ಕಾಣಲಿಲ್ಲ ಎನ್ನುತ್ತೀರಾ? ಅವರ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ವಿಭೂತಿ, ಟೀವಿಗೆ ವಿಭೂತಿ, ರುಬ್ಬುವ ಕಲ್ಲಿಗೆ ವಿಭೂತಿ. ವಿಭೂತಿ ಇಲ್ಲದ ಸಾಮಾನು ಇದ್ದರೆ ಅದು ಕಣ್ಣಿಗೆ ಬೀಳಬೇಕು.

ಮಾವ ಹೆಗಲ ಮೇಲಿನ ಟವೆಲಿನಿಂದ ಕ್ಯಾಪನ್ನು ತಿಕ್ಕಿ ತಿಕ್ಕಿ ಒರೆಸಿದರು. ಮೊದಲ ಸೆಲ್ಫಿಗೇ ಹೊತ್ತಿಕೊಂಡಿತು. ತುಮಕೂರಿನವರೆಗೆ ಕಾರು ಎಲ್ಲೂ ಕೆಮ್ಮಲಿಲ್ಲ. ಡಾಕ್ಟರು ನೋಡಿ, ನೋವು ಹೆದರಿಕೆಯದು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಾಗ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಕ್ಕಳಂತೆ ಅತ್ತುಬಿಟ್ಟರು.

ಮನೆಗೆ ಬಂದ ಮೇಲೆ ವಿಚಾರಣೆ.

"ಯಾರೇ ಅದಕ್ಕೆ ವಿಭೂತಿ ಹಚ್ಚಿದ್ದು?"

"ಇನ್ಯಾರು ಹಚ್ತಾರೆ, ನಾನೇ," ಎಂದರು ಅತ್ತೆ. "ಅದೇ ಕಾರಿಗೆ ತಲೆ ಇದ್ದಂಗೆ, ಅದು ಕೆಟ್ರೆ ಎಲ್ಲಾ ಕೆಡ್ತದೆ ಅಂತ ನೀವೇ ಹೇಳಿರ್ಲಿಲ್ವಾ? ತಲೆ ಅಂದ್ಮೇಲೆ ಬರೀ ಹಣೇಲಿ ಕಳುಸ್ಲಾ, ಮಗಳ್ನ ಕರ್ಕೊಂಡ್ ಬರಕ್ಕೆ?"

"ಬಾನೆಟ್ ಮ್ಯಾಲೆ ಹಚ್ಚಿದ್ರೆ ಆಗ್ತಿರ್ಲಿಲ್ವಾ?"

"ಮಳೇಲಿ ತೊಳ್ದೋಯ್ತದೆ ಅಂತ ಒಳಗೆ ಹಚ್ಚಿದೆ."

"ಅಷ್ಟು ಸಲ ನಿಂತೋದ್ರೂ ಒಂದ್ ಮಾತು ಹೇಳ್ಲಿಲ್ವಲ್ಲೇ."

"ನಿಂತಿದ್ದಕ್ಕೇ ಪ್ರತಿ ಸಲ ಇನ್ನಷ್ಟು ದಪ್ಪ ಹಚ್ತಿದ್ದೆ," ಎಂದರು ಅತ್ತೆ.

ಅಳಿಯ ನಕ್ಕ, ನಾನು ನಕ್ಕೆ, ಕೊನೆಗೆ ಮಾವನೂ ನಕ್ಕರು. ದೆವ್ವ ಓಡಿಸಲು ಹಚ್ಚಿದ್ದೇ ದೆವ್ವವಾಗಿ ಕೂತಿತ್ತಲ್ಲ! ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಅಳುತ್ತಿದ್ದರು. ನಗದೆ ಉಳಿದವಳು ವನಜ ಒಬ್ಬಳೇ. ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ನಾನಿದ್ದಾಗ ಮಾತ್ರ ನಿಲ್ತಿತ್ತು ಅತ್ತಿಗೆ," ಎಂದಳು. "ನನ್ನ ನೋಡಕ್ಕೆ ನಿಲ್ಲುಸ್ತೈತೆ ಅನ್ಕೊಂಡಿದ್ದೆ. ಅದಿಕ್ಕೆ ಇನ್ಯಾವ ಜಾಗ ಗೊತ್ತು, ಪಾಪ? ನಿಮಗೆಲ್ಲ ಭಯ ಆಗ್ತಿತ್ತು. ನನಗೆ ಯಾವಾಗ ತೂಬು ಬರ್ತದೋ ಅನ್ನುಸ್ತಿತ್ತು. ಈಗ ನೋಡಿದ್ರೆ ಅದು ಅಲ್ವೇ ಅಲ್ಲ. ಅಲ್ಲಿ ಯಾರೂ ಇಲ್ಲ."

ವಿಜ್ಞಾನ ಗೆದ್ದ ದಿನ ಅಷ್ಟು ಸಂಕಟವಾದದ್ದು ನನಗೆ ಅದೇ ಮೊದಲು. ತಿರುಗಿ ನೋಡಿದರೆ ಮಾವ ಕೈಯ ಎಣ್ಣೆ ತೊಳೆಯಲು ಸೋಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೈ ತೊಳೆಯದೆ ಹಾಗೇ ಒಳಗೆ ಹೋದರು.

ವನಜಳಿಗೆ ಹೆಣ್ಣುಮಗು ಆಯಿತು. ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಹೊರಟದ್ದು ಬೇಸಿಗೆಯಲ್ಲಿ. ಮಾವ ಆಫೀಸಿಗೆ ರಜೆ ಹಾಕಿ, ಹಿಂದಿನ ದಿನವೇ ಪ್ಲಗ್ಗು ಪಾಯಿಂಟು ಬದಲಾಯಿಸಿದ್ದರು. ಅತ್ತೆ ಮಾವನ ಕಣ್ಣೆದುರೇ ಸ್ಟೇರಿಂಗಿಗೆ ಒಂದು ಚಿಟಿಕೆ ಒಣ ವಿಭೂತಿ ಇಟ್ಟರು. ಹೊತ್ತೇರಿದ ಮೇಲೆಯೇ ಹೊರಟೆವು. ಎಲ್ಲೂ ಮಂಜಿನ ಸುಳಿವಿಲ್ಲ, ನಾಲೆಯ ನೀರು ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು.

ತೂಬಿನ ತಿರುವಿನಲ್ಲಿ ಕಾರು ನಿಂತಿತು.

ಬಿಕ್ಕಲಿಲ್ಲ, ಕೆಮ್ಮಲಿಲ್ಲ, ಸುಮ್ಮನೆ ನಿಂತಿತ್ತು. ಬಗ್ಗಿ ನೋಡಿದೆ. ಮಾವನ ಬೆರಳುಗಳು ಇನ್ನೂ ಕೀ ಮೇಲೇ ಇದ್ದವು.

"ಪ್ಲಗ್ ನೋಡೋ ಟೈಮಾಯ್ತು ಕಣವ್ವ," ಎಂದರು, ಯಾರ ಮುಖವನ್ನೂ ನೋಡದೆ. "ಸ್ವಲ್ಪ ಹೊತ್ತಾಗ್ತದೆ. ಮಗೂನ ಎತ್ಕೊಂಡು ಅಲ್ಲಿಗಂಟ ಹೋಗ್ಬಾ."

ಇಳಿದು ಹೋಗಿ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು. ಸ್ಪ್ಯಾನರ್ ನನ್ನ ಕಾಲ ಬಳಿಯೇ ಬಿದ್ದಿತ್ತು. ಕೊಡಲು ಹೋಗಲಿಲ್ಲ.

ವನಜ ಮಗುವಿನೊಂದಿಗೆ ತೂಬಿನ ಕಟ್ಟೆಯ ಹತ್ತಿರ ಹೋಗಿ ನಿಂತಳು. ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ, ಯಾರಿಗೋ ತೋರಿಸುವಂತೆ ಎತ್ತಿ ಹಿಡಿದಳು. ಏನೋ ಮಾತಾಡಿದಳು. ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕೆಂದು ನನಗೂ ಅನ್ನಿಸಲಿಲ್ಲ. ಅವಳು ಕಣ್ಣು ಒರೆಸಿಕೊಂಡು ಬಂದು ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ಮಾವ ಬಾನೆಟ್ಟಿನಿಂದ ತಲೆ ಎತ್ತಲಿಲ್ಲ.

ಆಮೇಲೆ ಬಂದು ಕೂತು, "ಎಲ್ಲಾ ಸರ್ಯಾಗೈತೆ," ಎನ್ನುತ್ತಾ ಕೀ ತಿರುಗಿಸಿದರು. ಎಂಜಿನ್ ನರಳಿತು. ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ. ಪ್ಲಗ್ಗು ಹೊಸದು, ಪಾಯಿಂಟು ಹೊಸದು, ಕ್ಯಾಪಿನ ಮೇಲೆ ಧೂಳೂ ಇರಲಿಲ್ಲ, ಹೊರಗೆ ಸುಡುವ ಬಿಸಿಲು. ವನಜ ತೂಬಿನ ಕಡೆಗೆ ನೋಡಿದಳು. ಮಾವ ಈಗ ಇಳಿಯುತ್ತಾರೆ, ಈಗ ಬಿಚ್ಚುತ್ತಾರೆ ಎಂದು ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ.

ಮಾವ ಇಳಿಯಲಿಲ್ಲ. ಕೀಯಿಂದ ಕೈ ತೆಗೆದು, ಕಿಟಕಿಯಾಚೆ ತೂಬಿನ ಕಡೆಗೆ ತಿರುಗಿ, ಮನೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು: "ನಿಮ್ಮವ್ವನ್ನ ಮನೆ ತಲುಪ್ಸಿ ಸಾಯಂಕಾಲ ನಾನೊಬ್ನೇ ಬರ್ತೀನಿ ಕಣಪ್ಪ. ಕೂತ್ಕೊಂಡು ಮಾತಾಡಣ."

ಆಮೇಲೆ ಕೀ ತಿರುಗಿಸಿದರು. ಹೊತ್ತಿಕೊಂಡಿತು.